ವೇಗ ಒಂದು, ಸೊಗಸು ಮತ್ತೊಂದು

ಸ್ಪೋರ್ಟ್ಸ್ ಕಾರಿನ ಯೋಗ್ಯತೆಯನ್ನು ಅಳೆಯಲು ಎರಡು ಮಾನಗಳುಂಟು. ಒಂದು ಗಡಿಯಾರದ್ದು, ಮತ್ತೊಂದು ಚಾಲಕನ ಕಿವಿ ಮತ್ತು ಕೈಗಳದ್ದು. ಅನೇಕ ವೇಳೆ ಎರಡೂ ಒಂದೇ ತೀರ್ಪನ್ನು ಕೊಡುತ್ತವೆ. ಕೊಡದಿದ್ದಾಗ ಯಾವುದನ್ನು ನಂಬಬೇಕೆಂಬ ವಾದ ಹುಟ್ಟುತ್ತದೆ. ಇಂಥ ವಾದಕ್ಕೆ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಪೋರ್ಷೆ ಸಂಸ್ಥೆ 2016ರಲ್ಲಿ ಒಳ್ಳೆಯ ನಿಮಿತ್ತವನ್ನು ಒದಗಿಸಿತು.

ಬಾಕ್ಸ್‌ಸ್ಟರ್ ಮತ್ತು ಕೇಮನ್ ಎಂಬವು ಆ ಸಂಸ್ಥೆಯ ಅವಳಿ ಕಾರುಗಳು. ಮೊದಲನೆಯದರ ಮಾಡನ್ನು ಮಡಚಬಹುದು, ಎರಡನೆಯದರದು ಸ್ಥಿರವಾದದ್ದು. 1996ರಲ್ಲಿ ಬಾಕ್ಸ್‌ಸ್ಟರ್ ಬಂದಂದಿನಿಂದ ಚಾಲಕನ ಬೆನ್ನ ಹಿಂದೆ ಆರು ಸಿಲಿಂಡರಿನ ಎಂಜಿನು ಇದ್ದಿತು. ಎಡಕ್ಕೆ ಮೂರು, ಬಲಕ್ಕೆ ಮೂರು ಸಿಲಿಂಡರುಗಳು ನೆಲಕ್ಕೆ ಸಮನಾಗಿ ಮಲಗಿರುವುದು ಅದರ ವಿಶೇಷ. 2016ರಲ್ಲಿ ಕಾರುಗಳಿಗೆ 718 ಎಂಬ ಅಂಕಿತವನ್ನು ಕೊಟ್ಟು, ಆ ಎಂಜಿನಿನ ಬದಲು ನಾಲ್ಕು ಸಿಲಿಂಡರಿನ ಟರ್ಬೊ ಎಂಜಿನನ್ನು ಅಳವಡಿಸಲಾಯಿತು.

ಲೆಕ್ಕದಲ್ಲಿ ಇದು ಲಾಭದ ವ್ಯಾಪಾರವೇ. ಹಳೆಯ ಬಾಕ್ಸ್‌ಸ್ಟರ್ ಎಸ್ ಕಾರಿನ 3.4 ಲೀಟರಿನ ಎಂಜಿನು 315 ಅಶ್ವಶಕ್ತಿಯದಾಗಿದ್ದರೆ, ಹೊಸತು 2.5 ಲೀಟರಿನಲ್ಲಿಯೇ 350 ಅಶ್ವಶಕ್ತಿಯನ್ನು ಕೊಟ್ಟಿತು. ಹಳೆಯದರ ಪೂರ್ಣ ತಿರುಚುಬಲ ದೊರೆಯಬೇಕಾದರೆ ಎಂಜಿನು ನಿಮಿಷಕ್ಕೆ 4,500 ಸುತ್ತು ಸುತ್ತಬೇಕಾಗಿತ್ತು. ಹೊಸದಕ್ಕೆ 1,900 ಸುತ್ತು ಸಾಕಾಯಿತು. ಹೊಗೆಯ ಇಂಗಾಲವನ್ನು ತಗ್ಗಿಸಬೇಕೆಂಬ ಯೂರೋಪಿನ ಕಾನೂನಿನ ಒತ್ತಾಯವೂ ಇದರ ಹಿಂದೆ ಇದ್ದಿತು.

ಆದರೂ ಮೋಟಾರು ರಸಿಕರಲ್ಲಿ ಅನೇಕರು ಮುಖ ಸಿಂಡರಿಸಿದರು. ಅವರ ಮೊದಲ ದೂರು ನಾದದ್ದು. ಇಂಥ ಎಂಜಿನುಗಳಲ್ಲಿ ಪ್ರತಿಯೊಂದು ಸಿಲಿಂಡರೂ ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ನಿಮಿಷಕ್ಕೆ 7,000 ಸುತ್ತಿನಲ್ಲಿ ಆರು ಸಿಲಿಂಡರುಗಳಿಂದ ಸೆಕೆಂಡಿಗೆ 350 ಸಿಡಿತಗಳಾದರೆ, ನಾಲ್ಕರಿಂದ ಆಗುವುದು ಸುಮಾರು 233 ಮಾತ್ರ. ಶ್ರುತಿ ಇಳಿಯದೆ ಹೇಗಿದ್ದೀತು? ಇದರ ಮೇಲೆ, ಹೊರಹೋಗುವ ಹೊಗೆಯ ದಾರಿಯಲ್ಲಿಯೇ ಟರ್ಬೊ ಚಕ್ರ ನಿಂತು ಧ್ವನಿಯನ್ನು ಮಂಕುಗೊಳಿಸುತ್ತದೆ.

ಎರಡನೆಯ ದೂರು ಕಾಲಿಗೆ ಸಂಬಂಧಿಸಿದ್ದು. ಹೊಗೆಯ ರಭಸದಿಂದ ತಿರುಗುವ ಆ ಚಕ್ರ ಗಾಳಿಯನ್ನು ಎಂಜಿನಿಗೆ ಒತ್ತಿ ತುಂಬುತ್ತದೆ. ಚಕ್ರಕ್ಕೆ ವೇಗ ಬರಲು ಕ್ಷಣಕಾಲ ಬೇಕು. ಕಾಲು ಕೇಳಿದ ಶಕ್ತಿ ತುಸು ತಡೆದು, ಅನಂತರ ಒಮ್ಮೆಗೇ ಬರುತ್ತದೆ. ಟರ್ಬೊ ಇಲ್ಲದ ಎಂಜಿನಿನಲ್ಲಾದರೋ ಸುತ್ತು ಏರಿದಂತೆ ಬಲವೂ ನಾದವೂ ಜೊತೆಜೊತೆಯಾಗಿ ಏರುತ್ತವೆ.

ಎದುರು ಪಕ್ಷದವರ ಮಾತಿನಲ್ಲೂ ಸತ್ಯವಿಲ್ಲದಿಲ್ಲ. ಊರೊಳಗಿನ ನಿತ್ಯದ ಓಡಾಟದಲ್ಲಿ ಯಾರು ತಾನೆ 7,000 ಸುತ್ತಿಗೆ ಏರಿಸುತ್ತಾರೆ? ಗೇರು ಬದಲಿಸದೆ ಮುಂದಿನ ವಾಹನವನ್ನು ದಾಟುವ ಅನುಕೂಲ ಸಣ್ಣದೇ? ಮೇಲಾಗಿ 1957ರ ಮೂಲ 718 ಪಂದ್ಯದ ಕಾರಿಗೂ ನಾಲ್ಕೇ ಸಿಲಿಂಡರು. 1959 ಮತ್ತು 1960ರಲ್ಲಿ ಸಿಸಿಲಿಯ ಟಾರ್ಗಾ ಫ್ಲೋರಿಯೊ ಪಂದ್ಯವನ್ನು ಗೆದ್ದುದು ಆ ವಂಶವೇ. ಆರು ಸಿಲಿಂಡರಿನ ಮೋಹ ಬರಿಯ ಹಳಹಳಿಕೆ ಎಂದು ಇವರು ನಕ್ಕರು.

ನಗೆಗೆ ಉತ್ತರವನ್ನು ಕೊಟ್ಟುದು ಸಂಸ್ಥೆಯೇ. 2019ರಲ್ಲಿ 718 ಕೇಮನ್ ಜಿಟಿ4 ಕಾರಿಗೆ ಟರ್ಬೊ ಇಲ್ಲದ, 4 ಲೀಟರಿನ ಆರು ಸಿಲಿಂಡರು ಮರಳಿ ಬಂದಿತು: ಶಕ್ತಿ 420, ಸುತ್ತು 8,000ದವರೆಗೆ. 2020ರಲ್ಲಿ ಅದೇ ಎಂಜಿನು, ಸ್ವಲ್ಪ ಮೃದುವಾಗಿ, ಜಿಟಿಎಸ್ ಕಾರುಗಳಿಗೂ ಬಂದಿತು. ಕಾನೂನಿಗೆ ಬೆನ್ನು ತೋರಿಸಿ ಮಾಡಿದ ಕೆಲಸವಲ್ಲ ಇದು. ಹೊರೆ ಕಡಿಮೆ ಇರುವಾಗ ಒಂದು ಪಕ್ಕದ ಮೂರು ಸಿಲಿಂಡರುಗಳಿಗೆ ಪೆಟ್ರೋಲು ನಿಲ್ಲುವ ಉಪಾಯವನ್ನು ಎಂಜಿನಿಯರರು ಹೂಡಿದ್ದರು. ರಸಿಕರ ದೂರು ಬರಿಯ ಹಠವಾಗಿದ್ದರೆ ಇಷ್ಟು ಶ್ರಮ ನಡೆಯುತ್ತಿರಲಿಲ್ಲ.

ಈಗ ಪ್ರಶ್ನೆ ಇನ್ನೂ ಹರಿತವಾಗಿದೆ. ಈ ಕಾರುಗಳ ಮುಂದಿನ ಪೀಳಿಗೆ ಕೇವಲ ವಿದ್ಯುತ್ತಿನದೆಂದು ಸಂಸ್ಥೆ 2022ರಲ್ಲಿ ಸಾರಿತು. 2025ರಲ್ಲಿ, ಮೇಲ್ದರ್ಜೆಯ ಮಾದರಿಗಳಲ್ಲಿ ಪೆಟ್ರೋಲು ಎಂಜಿನೂ ಇರುವುದೆಂದು ಮಾತು ತಿದ್ದಿಕೊಂಡಿತು. ವಿದ್ಯುತ್ ಮೋಟಾರಿಗೆ ತಡವೆಂಬುದೇ ಇಲ್ಲ, ನಿಂತಲ್ಲಿಂದಲೇ ಪೂರ್ಣಬಲ. ಗಡಿಯಾರದ ಪಂದ್ಯದಲ್ಲಿ ಅದಕ್ಕೆ ಎದುರು ನಿಲ್ಲುವುದು ಕಷ್ಟ. ವೇಗವೊಂದೇ ಗುರಿಯಾದರೆ ವಾದ ಅಲ್ಲಿಗೆ ಮುಗಿಯಿತು.

ಆದರೆ ಕಚೇರಿಗೆ ಹೋದವನು ಕೀರ್ತನೆ ಎಷ್ಟು ಬೇಗ ಮುಗಿಯಿತೆಂದು ಎಣಿಸಿಕೊಂಡು ಕೂರುವುದಿಲ್ಲ. ಕೆಲಸಕ್ಕೆ ಹೋಗಿಬರಲು ಯಾವ ಕಾರಾದರೂ ಆದೀತು. ಸ್ಪೋರ್ಟ್ಸ್ ಕಾರನ್ನು ಜನ ಕೊಳ್ಳುವುದು ಓಡಿಸುವ ಸಂತೋಷಕ್ಕಾಗಿ. ಆ ಸಂತೋಷವನ್ನು ಹೊಸ ಯಂತ್ರವೂ ಕೊಡಬಲ್ಲುದಾದರೆ ಹಳೆಯದಕ್ಕಾಗಿ ಯಾರೂ ಮರುಗಬೇಕಾಗಿಲ್ಲ. ಕೊಡಲಾರದಾದರೆ, ಅಂಕಿಗಳು ಎಷ್ಟೇ ದೊಡ್ಡವಾಗಿರಲಿ, ಆ ಕೊರತೆಯನ್ನು ತುಂಬಲಾರವು.