ಮಗು ರ‍್ಯಾಪ್ ಬರೆದರೆ ಮೊದಲು ಓದಿ ನೋಡಿ

ಹೈಸ್ಕೂಲಿಗೆ ಹೋಗುವ ಮಗನೋ ಮಗಳೋ ರ‍್ಯಾಪ್ ಬರೆಯುತ್ತಿರುವುದು ಗೊತ್ತಾದರೆ ನಮ್ಮ ಬಹುಪಾಲು ಮನೆಗಳಲ್ಲಿ ಎರಡರಲ್ಲೊಂದು ನಡೆಯುತ್ತದೆ. ‘ಮೊದಲು ಎಸ್ಸೆಸ್ಸೆಲ್ಸಿ ಮುಗಿಸು’ ಎಂಬ ಗದರಿಕೆ, ಇಲ್ಲವೇ ಕೂಡಲೇ ವಿಡಿಯೊ ಮಾಡಿ ರೀಲ್ಸ್‌ಗೆ ಹಾಕುವ ಸಡಗರ. ಮಗು ಬರೆದದ್ದೇನು ಎಂಬುದನ್ನು ಮಾತ್ರ ಯಾರೂ ಓದಿರುವುದಿಲ್ಲ.

ಹೆತ್ತವರ ಅಳುಕಿಗೆ ಕಾರಣವಿದೆ. ಹೆಂಡ, ಹಣ, ಹೆಣ್ಣಿನ ಬಗ್ಗೆ ಹಗುರ ಮಾತು ತುಂಬಿದ ಹಾಡುಗಳೇ ಮೊದಲು ಕಿವಿಗೆ ಬೀಳುತ್ತವೆ. ಆದರೆ ರ‍್ಯಾಪ್‌ನ ತವರಾದ ಹಿಪ್ ಹಾಪ್ ಅಷ್ಟಕ್ಕೇ ಮುಗಿಯುವುದಿಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಹೊಂದಿಸಬೇಕೆಂದು ಪಾರ್ಟಿ ಇಟ್ಟಳು. ಅಲ್ಲಿ ಅವಳ ಅಣ್ಣ ಡಿಜೆ ಕೂಲ್ ಹರ್ಕ್ ರೆಕಾರ್ಡುಗಳನ್ನು ನುಡಿಸಿದ. ಈ ಸಂಗೀತದ ಹುಟ್ಟನ್ನು ಆ ದಿನದಿಂದಲೇ ಎಣಿಸುತ್ತಾರೆ. 1982ರ ‘ದ ಮೆಸೇಜ್’ ಬಡ ಕೇರಿಯ ಬದುಕನ್ನೇ ಹಾಡಾಗಿಸಿತು. 2018ರಲ್ಲಿ ರ‍್ಯಾಪರ್ ಕೆಂಡ್ರಿಕ್ ಲಮಾರ್‌ನ ಆಲ್ಬಂಗೆ ಪುಲಿಟ್ಜರ್ ಪ್ರಶಸ್ತಿಯೇ ಬಂತು.

ನಮ್ಮ ಮಟ್ಟಿಗೂ ಇದು ತೀರಾ ಪರಕೀಯವಲ್ಲ. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹಾಡಿನಲ್ಲೇ ಸವಾಲ್–ಜವಾಬ್ ನಡೆಸುತ್ತ ಬಂದಿವೆ. ಛಂದಸ್ಸಿನ ನಂಟಂತೂ ಇನ್ನೂ ಸೊಗಸು. ರ‍್ಯಾಪ್‌ನ ಒಂದು ‘ಬಾರ್’ನಲ್ಲಿ ನಾಲ್ಕು ಬೀಟ್‌ಗಳು, ಪ್ರತಿ ಬೀಟನ್ನು ನಾಲ್ಕಾಗಿ ಒಡೆದರೆ ಹದಿನಾರು ಪೆಟ್ಟು. ಮಂದಾನಿಲ ರಗಳೆಯ ಸಾಲಿನಲ್ಲೂ ನಾಲ್ಕು ಮಾತ್ರೆಗಳ ನಾಲ್ಕು ಗಣ, ಒಟ್ಟು ಹದಿನಾರು ಮಾತ್ರೆ. ‘ಬಸ್ಸಿನ / ಕಿಟಕಿಗೆ / ಅಂಟಿದ / ಮಳೆಹನಿ’ ಎಂದು ಚಪ್ಪಾಳೆ ತಟ್ಟುತ್ತ ಹೇಳಿ ನೋಡಿ, ತಾಳಕ್ಕೆ ಸರಿಯಾಗಿ ಕೂರುತ್ತದೆ. ‘ಮಳೆಹನಿ’ ತೆಗೆದು ‘ಮಳೆಯ ಹನಿಗಳು’ ಎಂದರೆ ಮೂರು ಮಾತ್ರೆ ಹೆಚ್ಚಾಗಿ ಸಾಲು ತಾಳ ತಪ್ಪುತ್ತದೆ. ಯಾವ ಪದ ಇರಬೇಕು, ಯಾವುದು ಹೋಗಬೇಕು ಎಂದು ಮಗು ತಲೆ ಕೆಡಿಸಿಕೊಳ್ಳುವ ಆ ಹೊತ್ತೇ ನಿಜವಾದ ಭಾಷಾ ಪಾಠ. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಲಘು–ಗುರು ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಪ್ರೋತ್ಸಾಹವೆಂದರೆ ದುಬಾರಿ ಮೈಕ್ ಕೊಡಿಸುವುದಲ್ಲ. ಮೊಬೈಲಿನಲ್ಲಿ ಬ್ಯಾಂಡ್‌ಲ್ಯಾಬ್‌ನಂಥ ಉಚಿತ ಆ್ಯಪ್ ಸಾಕು. ಬೇಕಾದದ್ದು ಪುಸ್ತಕ, ಜೊತೆಗೆ ಕೂತು ಕೇಳುವ ಕಿವಿ. ಎಂಸಿ ಬಿಜ್ಜು, ರಾಹುಲ್ ಡಿಟ್ಓ ಮುಂತಾದವರ ಕನ್ನಡ ರ‍್ಯಾಪ್ ಒಟ್ಟಿಗೆ ಕೇಳಿ. ಬೈಗುಳ ಬಂದರೆ ಫೋನ್ ಕಿತ್ತುಕೊಳ್ಳುವ ಬದಲು, ಆ ಮಾತು ಅಲ್ಲಿ ಯಾಕೆ ಬೇಕಿತ್ತು ಎಂದು ಕೇಳಿ. ಕಾಣದ ಬ್ರಾಂಕ್ಸ್‌ನ ಬಂದೂಕಿನ ಬದಲು ಕಂಡ ಬೀದಿ, ನೀರಿಲ್ಲದ ನಲ್ಲಿ, ತರಗತಿಯಲ್ಲಾದ ಅವಮಾನದ ಬಗ್ಗೆ ಬರೆಯಲು ಹೇಳಿ. ಲೈಕುಗಳ ಲೆಕ್ಕ ಸದ್ಯಕ್ಕೆ ದೂರವಿರಲಿ. ಬರೆದದ್ದನ್ನು ತಿದ್ದುವ ತಾಳ್ಮೆಯನ್ನು ಅದು ಕೊಂದುಬಿಡುತ್ತದೆ.

ಶಾಲೆಗಳೂ ಕೈಜೋಡಿಸಬೇಕು. ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆ, ಜನಪದ ಗೀತೆಗಳ ಜೊತೆಗೆ ಮಕ್ಕಳೇ ಬರೆದು ಹಾಡುವ ಕನ್ನಡ ರ‍್ಯಾಪ್‌ಗೂ ಒಂದು ವಿಭಾಗ ಇರಲಿ. ಶಿಕ್ಷಣ ಇಲಾಖೆ ಈ ಬಗ್ಗೆ ಯೋಚಿಸಬೇಕು.