ಟಿಪ್ಪುವಿನ ಪಿಸ್ತೂಲೇ? ಅಯಸ್ಕಾಂತ ಹಿಡಿದು ನೋಡಿ

ಚಾಮರಾಜನಗರ ತಾಲ್ಲೂಕಿನ ಕುದೇರಿನಲ್ಲಿರುವ ಸ್ನೇಹಿತರ ಮನೆಗೆ ಹೋಗಿದ್ದೆ. ಒಂಬತ್ತನೇ ತರಗತಿಯಲ್ಲಿ ಓದುವ ಅವರ ಮಗ ಶಾಲೆಯ ಪ್ರವಾಸದಲ್ಲಿ ಶ್ರೀರಂಗಪಟ್ಟಣ ನೋಡಿ ಬಂದಿದ್ದ. ನಾನು ಕೂರುವುದನ್ನೇ ಕಾದಿದ್ದವನಂತೆ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಪಿಸ್ತೂಲೊಂದನ್ನು ತಂದು ಮುಂದಿಟ್ಟ. "ಟಿಪ್ಪು ಕಾಲದ್ದಂತೆ ಸಾರ್, ನಿಜವಾ?" ಎಂದ. "ಇದೇನಾದರೂ ಹಾರಿಬಿಟ್ಟರೆ?" ಎಂಬುದು ತಾಯಿಯ ಆತಂಕ. ಹುಡುಗ ಮೆಲ್ಲಗೆ ಇನ್ನೊಂದು ಪ್ರಶ್ನೆ ಸೇರಿಸಿದ: "ನಳಿಗೆಗೆ ತೂತು ಕೊರೆಸಿದರೆ ಹಾರುತ್ತಲ್ವಾ?" ಈ ಮೂರು ಪ್ರಶ್ನೆಗಳಿಗೆ ಉತ್ತರ ಹಲವು ಮನೆಗಳಿಗೆ ಬೇಕಾಗಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಇದು ಚಕಮಕಿ ಪಿಸ್ತೂಲು. 17ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಈ ಬಗೆ ಸುಮಾರು ಇನ್ನೂರು ವರ್ಷ ಜಗತ್ತನ್ನು ಆಳಿತು. ಇದರ ಕೆಲಸ ಸರಳ. ಸುತ್ತಿಗೆಯಂಥ ಭಾಗದ ದವಡೆಯಲ್ಲಿ ಚಕಮಕಿ ಕಲ್ಲಿನ ಚೂರು ಇರುತ್ತದೆ. ಟ್ರಿಗರ್ ಎಳೆದರೆ ಕಲ್ಲು ಮುಂದೆ ಬಡಿದು ಉಕ್ಕಿನ ತಗಡನ್ನು ಕೆರೆಯುತ್ತದೆ. ಕಿಡಿಗಳು ಕೆಳಗಿನ ಪುಟ್ಟ ಬಟ್ಟಲಿನ ಮದ್ದಿಗೆ ಬೀಳುತ್ತವೆ. ಅಲ್ಲಿನ ಉರಿ ಪಕ್ಕದ ಸಣ್ಣ ರಂಧ್ರದ ಮೂಲಕ ನಳಿಗೆಯ ಒಳಗಿನ ಮದ್ದನ್ನು ಹೊತ್ತಿಸುತ್ತದೆ. ಕಿಡಿ ಬರುವುದು ಕಲ್ಲಿನಿಂದ ಅಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಗಟ್ಟಿ ಉಕ್ಕಿನಿಂದ ಕೆರೆದು ಬಂದ ಕಣಗಳು ಕಾದು ಗಾಳಿಯಲ್ಲಿ ಉರಿಯುವುದೇ ಕಿಡಿ. ಸಾಣೆ ಹಿಡಿಯುವವನ ಚಕ್ರದಿಂದ ಹಾರುವುದೂ ಇದೇ.

ಈಗ ಮೊದಲ ಪ್ರಶ್ನೆ. ನಳಿಗೆಗೂ ಪಕ್ಕದ ಯಂತ್ರಭಾಗಕ್ಕೂ ಅಯಸ್ಕಾಂತ ಹಿಡಿದು ನೋಡಿ. ಕುದೇರಿನ ಪಿಸ್ತೂಲಿಗೆ ಅದು ಅಂಟಲೇ ಇಲ್ಲ. ಅಗ್ಗದ ಪ್ರತಿಕೃತಿಗಳು ಹೆಚ್ಚಾಗಿ ಸತುವಿನ ಮಿಶ್ರಲೋಹದ ಎರಕ. ಅಯಸ್ಕಾಂತ ಅಂಟಿದ ಮಾತ್ರಕ್ಕೆ ಹಳೆಯದೆಂದೂ ಹಿಗ್ಗಬೇಡಿ. ಕಬ್ಬಿಣದ ಪ್ರತಿಕೃತಿಗಳೂ ಇವೆ. ಆಮೇಲೆ ಅಚ್ಚಿನ ಎರಡು ಹೋಳು ಕೂಡಿದ ಕಡೆ ತೆಳ್ಳಗಿನ ಏಣು ಇದೆಯೇ ನೋಡಿ. ಬಟ್ಟಲಿನ ಪಕ್ಕದಲ್ಲಿ ರಂಧ್ರವಿದೆಯೇ, ನಳಿಗೆ ಒಳಗೆ ಮುಚ್ಚಿಕೊಂಡಿದೆಯೇ ಎಂದೂ ಪರೀಕ್ಷಿಸಿ. ಸ್ಕ್ರೂ ತಲೆಯಲ್ಲಿ ಕೂಡಿಸುವ ಗುರುತಿನಂಥ ಗೀರು ಇದ್ದರೆ ಮುಗಿಯಿತು: ಅಂಥ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ. ಟಿಪ್ಪು ಮಡಿದದ್ದು 1799ರ ಮೇ 4ರಂದು.

ಟಿಪ್ಪುವಿನ ಕಾರ್ಖಾನೆಯ ಬಂದೂಕುಗಳಿಗೆ ತಮ್ಮದೇ ಗುರುತುಗಳಿವೆ. ಹುಲಿಪಟ್ಟೆಯ ಅಲಂಕಾರ, ಹುಲಿಮುಖ, ಪರ್ಷಿಯನ್ ಬರಹ, ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ವರ್ಷ. ಆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಅಂದರೆ 1224 ನಮ್ಮ ಕಣ್ಣಿಗೆ 4221ರಂತೆ ಕಾಣುತ್ತದೆ. ಹುಡುಗನ ಪಿಸ್ತೂಲಿನ ಮೇಲೂ 'ಬರಹ' ಇತ್ತು. ಯಾವ ಲಿಪಿಯೂ ಅಲ್ಲದ ಬರೀ ಬಳ್ಳಿಗೀಟು. ನಿಜವಾದವುಗಳಲ್ಲಿ ಬಹಳಷ್ಟು ಶ್ರೀರಂಗಪಟ್ಟಣದ ಪತನದ ನಂತರ ಇಂಗ್ಲೆಂಡಿಗೆ ಹೋದವು. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಸಂಸ್ಥೆ ಟಿಪ್ಪುವಿನ ಆಯುಧಗಳನ್ನು ಹರಾಜು ಹಾಕಿದಾಗ ಬಂದ ಹಣ ಕೋಟಿಗಳ ಲೆಕ್ಕದ್ದು. ಅಂಥದ್ದು ಕೆಲವೇ ನೂರು ರೂಪಾಯಿಗೆ ಸಿಗುತ್ತದೆಯೇ ಎಂದು ಕೇಳಿದೆ. ಹುಡುಗನ ಮುಖ ಬಾಡಿತು.

ತಾಯಿಗೆ ಹೇಳಿದ್ದು: ಇದು ಹಾರುವುದಿಲ್ಲ. ಮಗನಿಗೆ ಹೇಳಿದ್ದು: ಹಾರುವಂತೆ ಮಾಡಲು ಹೋಗಬಾರದು. ಸತುವಿನ ಎರಕ ಮದ್ದಿನ ಒತ್ತಡ ತಡೆಯುವಂಥದ್ದಲ್ಲ. ನಳಿಗೆ ಒಡೆದು ಚೂರುಗಳು ಹಿಡಿದವನ ಕೈಗೆ, ಕಣ್ಣಿಗೆ ನುಗ್ಗುತ್ತವೆ. ಕಾನೂನೂ ಸುಮ್ಮನಿರುವುದಿಲ್ಲ. ನಕಲಿ ಬಂದೂಕನ್ನು ಪರವಾನಗಿಯಿಲ್ಲದೆ ಅಸಲಿಯಾಗಿ ಮಾರ್ಪಡಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ನಿಷೇಧಿಸುತ್ತದೆ. ಪೋಷಕರು ಇದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಶಾಲೆಗೆ, ಬಸ್ಸಿಗೆ ಒಯ್ಯಲೂ ಬಿಡಬಾರದು. ದೂರದಿಂದ ನೋಡುವವರಿಗೆ ಅಸಲಿ ಯಾವುದು, ನಕಲಿ ಯಾವುದು ಹೇಗೆ ಗೊತ್ತಾಗಬೇಕು?

ಹಾಗಾದರೆ ಇದನ್ನು ಏನು ಮಾಡುವುದು? ಚಂದ ಮಾಡಬಹುದು. ಏಣುಗಳನ್ನು ಸಣ್ಣ ಅರದಿಂದ ಉಜ್ಜಿ ತೆಗೆಯಿರಿ. ಮರದ ಹಿಡಿಕೆಯ ಹೊಳೆಯುವ ವಾರ್ನಿಷನ್ನು ನಯವಾದ ಸ್ಯಾಂಡ್ ಪೇಪರಿನಿಂದ, ಮರದ ಎಳೆಯ ದಿಕ್ಕಿನಲ್ಲೇ ತಿಕ್ಕಿ. ಪೇಂಟ್ ಅಂಗಡಿಯಲ್ಲಿ ಸಿಗುವ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಮತ್ತೆ ಹಚ್ಚಿ. ನಾಲ್ಕೈದು ಸಲಕ್ಕೆ ಮರದ ಬಣ್ಣ ಏಳುತ್ತದೆ. ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಕಾದು ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ ಒಣಗಿಸಿ. ಸಡಿಲವಾದ ಸ್ಕ್ರೂ ತೂತಿಗೆ ಅಂಟು ಸವರಿದ ಮರದ ಸೀಳು ತುರುಕಿ ಮತ್ತೆ ಬಿಗಿಯಿರಿ. ಕೆತ್ತನೆಯ ಸಂದಿಗೆ ಕಪ್ಪು ಬೂಟ್ ಪಾಲಿಶ್ ತುಂಬಿ ಮೇಲೆ ಒರೆಸಿದರೆ ಚಿತ್ತಾರ ಎದ್ದು ಕಾಣುತ್ತದೆ. ಆಸಿಡ್ ಮಾತ್ರ ಮುಟ್ಟಬೇಡಿ.

ಇಷ್ಟೆಲ್ಲಾ ಮಾಡುವುದು ಪ್ರತಿಕೃತಿ ಎಂದು ಖಚಿತವಾದ ಮೇಲೆ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದರೆ, ಉಕ್ಕಿನ ನಳಿಗೆ ತೆರೆದಿದ್ದರೆ, ಪಕ್ಕದಲ್ಲಿ ರಂಧ್ರವಿದ್ದರೆ ಉಜ್ಜಬೇಡಿ, ಟ್ರಿಗರ್ ಎಳೆಯಬೇಡಿ. ಒಳಗೆ ಹಳೆಯ ಮದ್ದು ಉಳಿದಿರಬಹುದು. ಪೊಲೀಸ್ ಠಾಣೆಗೂ ಪುರಾತತ್ವ ಇಲಾಖೆಗೂ ತಿಳಿಸಿ. ನೂರು ವರ್ಷ ದಾಟಿದ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದರ ಮೇಲಿನ ತುಕ್ಕು, ಗೀರುಗಳಿಂದಲೂ ತಜ್ಞರು ಚರಿತ್ರೆ ಓದುತ್ತಾರೆ.

ಹೊರಡುವಾಗ ಹುಡುಗನಿಗೆ ಒಂದು ಕೆಲಸ ಹೇಳಿದೆ. ಹಿಡಿಕೆಯ ಅಡಿಯಲ್ಲಿ 'ಪ್ರತಿಕೃತಿ' ಎಂದು, ಕೊಂಡ ವರ್ಷದ ಸಮೇತ ಅಳಿಸದಂತೆ ಕೊರೆಯಬೇಕು. "ಬರೆದರೆ ಬೆಲೆ ಹೋಗಲ್ವಾ ಸಾರ್?" ಎಂದ. "ನಿನಗೆ ಸುಳ್ಳು ಹೇಳಿ ಮಾರಿದರಲ್ಲ, ನಾಳೆ ನಿನ್ನ ಕೈಯಿಂದ ಕೊಂಡವನಿಗೂ ಅದೇ ಆಗಬೇಕಾ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೈವಾರ ಹುಡುಕಲು ಜಾಮಿಟ್ರಿ ಪೆಟ್ಟಿಗೆ ತೆರೆದ.