ಕೈ ಕಲಿಯಲಿ, ಕಣ್ಣು ಉಳಿಯಲಿ

ಪ್ರೌಢಶಾಲೆಯ ರಸಾಯನ ಪಾಠದಲ್ಲಿ ಮೆಗ್ನೀಸಿಯಂ ಪಟ್ಟಿಯನ್ನು ಉರಿಸುವ ಪ್ರಯೋಗ ಬಹಳ ಹಳೆಯದು. ಅದು ಕಣ್ಣು ಕೋರೈಸುವ ಬೆಳಕು ಬೀರಿ ಬಿಳಿಯ ಬೂದಿಯಾಗುತ್ತದೆಂದು ತಪ್ಪಿಲ್ಲದೆ ಬರೆದು ಅಂಕ ಪಡೆಯುವ ಮಕ್ಕಳು ಅನೇಕರು. ಆದರೆ ಆ ಬೆಳಕನ್ನು ಕಂಡವರೆಷ್ಟು ಮಂದಿ? ಅವಘಡವಾದೀತೆಂಬ ಅಂಜಿಕೆಯಿಂದ ಎಷ್ಟೋ ಪ್ರಯೋಗಗಳು ಕರಿಹಲಗೆಯ ಮೇಲೆಯೇ ಮುಗಿದುಹೋಗುತ್ತವೆ. ಅಂಜಿಕೆ ನಿರಾಧಾರವಲ್ಲ, ಆದರೆ ಬೀರುವಿಗೆ ಬೀಗ ಜಡಿಯುವುದು ಅದಕ್ಕೆ ಮದ್ದಲ್ಲ.

ಏಕೆಂದರೆ ಅಪಾಯವಿರುವುದು ಪ್ರಯೋಗಶಾಲೆಯಲ್ಲಿ ಮಾತ್ರವಲ್ಲ. ತೆಂಗು, ಅಡಿಕೆಗಳ ನಮ್ಮ ಸೀಮೆಯಲ್ಲಿ ಸುಣ್ಣವನ್ನರಿಯದ ಮನೆಯಿಲ್ಲ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದೊಡನೆ ಕುದಿಯುವಷ್ಟು ಶಾಖ ಹುಟ್ಟುತ್ತದೆ. ಅದರ ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕೇಡು. ಶಾಲೆಯಲ್ಲಿ ಕನ್ನಡಕ ಧರಿಸಿ, ಚಿಟಿಕೆಯಷ್ಟು ಸುಣ್ಣದಿಂದ ಇದನ್ನು ಕಂಡ ಮಗು ಮನೆಯಲ್ಲಿ ಸುಣ್ಣದ ತೊಟ್ಟಿಯ ಬಳಿ ಬಗ್ಗಿ ನೋಡುವುದಿಲ್ಲ. ಬ್ಲೀಚಿಂಗ್ ಪುಡಿಗೆ ಆಮ್ಲ ಬೆರೆತರೆ ವಿಷಾನಿಲ ಹೊರಡುತ್ತದೆಂದು ಬಲ್ಲ ಮಗಳು ಬಚ್ಚಲು ತೊಳೆಯುವ ತಾಯಿಯನ್ನು ತಾನೇ ಎಚ್ಚರಿಸುತ್ತಾಳೆ.

ನಮ್ಮ ಜಿಲ್ಲೆಯಲ್ಲಿಯೇ ಒಂದು ಉತ್ತಮ ಪಾಠವಿದೆ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯದಲ್ಲಿ ಸ್ವಯಂಚಾಲಿತ ಸೈಫನ್‌ಗಳಿವೆ. ನೀರು ಗೊತ್ತಾದ ಮಟ್ಟವನ್ನು ಮುಟ್ಟಿದಾಗ, ಯಾರೂ ಬಾಗಿಲನ್ನೆತ್ತದೆಯೇ ಹೆಚ್ಚಿನ ನೀರು ಹೊರಹರಿಯುತ್ತದೆ. ಇದರ ತತ್ತ್ವವನ್ನು ಎರಡು ಬಕೆಟ್ಟು, ಒಂದು ರಬ್ಬರ್ ಕೊಳವೆಯಿಂದ ತೋರಿಸಬಹುದು. ಕೊಳವೆಯ ತುಂಬ ನೀರು ತುಂಬಿ, ಎರಡು ತುದಿಗಳನ್ನೂ ಬೆರಳಿನಿಂದ ಮುಚ್ಚಿ, ಒಂದನ್ನು ಮೇಲಿನ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಇನ್ನೊಂದನ್ನು ಕೆಳಗಿನದಕ್ಕೆ ಇಳಿಬಿಟ್ಟು ಬೆರಳು ತೆಗೆದರೆ ಸಾಕು. ಬಾಯಿಂದ ಹೀರಲೇಬಾರದು. ಇಂದು ನೀರನ್ನು ಹೀರಿದ ಹುಡುಗ ನಾಳೆ ಮೋಟಾರು ಸೈಕಲ್ಲಿನ ಪೆಟ್ರೋಲನ್ನೂ ಹಾಗೆಯೇ ಹೀರುತ್ತಾನೆ. ಅದು ಶ್ವಾಸಕೋಶಕ್ಕಿಳಿದರೆ ಪ್ರಾಣಕ್ಕೆ ಸಂಚಕಾರ. ಸರಿಯಾದ ವಿಧಾನವೇ ಸುರಕ್ಷಿತ ವಿಧಾನವೆಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಬೇಕಿಲ್ಲ.

ಉಳಿದ ನಿಯಮಗಳೂ ಕಷ್ಟದವಲ್ಲ. ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ಉರಿಯುವ ಸ್ಪಿರಿಟ್ ದೀಪಕ್ಕೆ ಸ್ಪಿರಿಟ್ ಸುರಿಯಕೂಡದು. ದೀಪವನ್ನು ಮುಚ್ಚಳ ಹಾಕಿ ಆರಿಸಬೇಕು, ಊದಬಾರದು. ಪ್ರನಾಳದ ಬಾಯಿ ಯಾರ ಮುಖದ ಕಡೆಗೂ ತಿರುಗಿರಬಾರದು. ಹೆಸರುಚೀಟಿಯಿಲ್ಲದ ಸೀಸೆಯನ್ನು ಬಳಸಕೂಡದು. ಕಣ್ಣಿಗೆ ಏನಾದರೂ ಸಿಡಿದರೆ ಉಜ್ಜದೆ, ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಎಲ್ಲಕ್ಕೂ ಮಿಗಿಲಾಗಿ, ಅಧ್ಯಾಪಕರು ಮೊದಲು ತಾವೇ ಮಾಡಿ ನೋಡಿರದ ಪ್ರಯೋಗವನ್ನು ಮಕ್ಕಳ ಕೈಗೆ ಕೊಡಬಾರದು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ತುಮಕೂರು ನಗರದ ಸಮೀಪದ ವಸಂತನರಸಾಪುರದಲ್ಲಿ ಕೈಗಾರಿಕೆಗಳು ಬೆಳೆದಿವೆ. ನಾಳೆ ಇಂತಹ ಕಡೆ ಕಾಯಕಕ್ಕೆ ನಿಲ್ಲಬೇಕಾದವರು ನಮ್ಮ ಮಕ್ಕಳೇ. ಉಪಕರಣವನ್ನು ಮುಟ್ಟದೆ ಬೆಳೆದ ಕೈಗೆ ಕೌಶಲವೂ ಬಾರದು, ಎಚ್ಚರವೂ ಬಾರದು.

ಆದುದರಿಂದ ತಾಯಿತಂದೆಯರಲ್ಲಿ ನಮ್ಮ ವಿನಂತಿಯಿಷ್ಟೆ. ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋದಾಗ ಕಟ್ಟಡ, ಬಣ್ಣಗಳ ಮಾತಿನೊಡನೆ ಇದನ್ನೂ ಕೇಳಿರಿ: ಪ್ರಯೋಗದ ಕೋಣೆಯಲ್ಲಿ ನಲ್ಲಿಯ ನೀರಿದೆಯೇ? ಮರಳಿನ ಬಕೆಟ್ಟು, ರಕ್ಷಣಾ ಕನ್ನಡಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳಿವೆಯೇ? ಇಲ್ಲವಾದರೆ ನಾಲ್ಕು ಮನೆಯವರು ಕೂಡಿ ಒದಗಿಸುವುದು ದೊಡ್ಡ ಮಾತಲ್ಲ. ಸಂಜೆ ಮನೆಗೆ ಬಂದ ಮಗುವನ್ನು ಎಷ್ಟು ಅಂಕ ಬಂತೆಂದು ಕೇಳುವ ಮೊದಲು, ಇಂದು ಏನು ಮಾಡಿ ನೋಡಿದೆಯೆಂದು ಕೇಳೋಣ.